ಮಲೆನಾಡಿನ ದನಗಳಲ್ಲಿ ಲಿವರ್ ಫ್ಲೂಕ್: ಒಬ್ಬ ಪಶುವೈದ್ಯನ ಅನುಭವ

ಭತ್ತದ ಕೊಯ್ಲು ಮುಗಿದು ದನಗಳನ್ನು ಕೂಳೆ ಮೇಯಲು ಗದ್ದೆಗೂ, ನೀರು ಇಳಿದ ಕೆರೆಯಂಗಳಕ್ಕೂ ಬಿಟ್ಟ ಕೆಲವು ತಿಂಗಳ ನಂತರ ನನ್ನ ಬಳಿ ಒಂದೇ ಬಗೆಯ ದೂರುಗಳು ಬರತೊಡಗುತ್ತವೆ: ಹಸು ಮೇವು ತಿನ್ನುತ್ತಿದ್ದರೂ ಸೊರಗುತ್ತಿದೆ, ಹಾಲು ಇಳಿದಿದೆ, ದವಡೆಯ ಕೆಳಗೆ ನೀರು ತುಂಬಿದ ಊತ ಕಾಣಿಸಿಕೊಂಡಿದೆ. ಕಣ್ಣಿನ ರೆಪ್ಪೆ ಮಡಚಿ ನೋಡಿದರೆ ಒಳಪೊರೆ ಬಿಳಿಚಿಕೊಂಡಿರುತ್ತದೆ. ನಮ್ಮ ಭಾಗದಲ್ಲಿ ಇದಕ್ಕೆ ಸಾಮಾನ್ಯ ಕಾರಣ ಫ್ಯಾಸಿಯೋಲಾ ಜೈಗ್ಯಾಂಟಿಕಾ ಎಂಬ ಎಲೆಯಾಕಾರದ ಚಪ್ಪಟೆ ಹುಳು, ಅಂದರೆ ಲಿವರ್ ಫ್ಲೂಕ್.

ಈ ಹುಳುವಿನ ಮರಿಗಳು ಲಿಮ್ನಿಯಾ ಜಾತಿಯ ಬಸವನಹುಳುವಿನೊಳಗೆ ಬೆಳೆದು ಹೊರಬಂದು, ನೀರಂಚಿನ ಹುಲ್ಲಿಗೂ ಭತ್ತದ ಬುಡಕ್ಕೂ ಅಂಟಿಕೊಂಡು ಕೋಶ ಕಟ್ಟಿಕೊಳ್ಳುತ್ತವೆ. ಮೇವಿನೊಡನೆ ಹೊಟ್ಟೆ ಸೇರಿದ ಮೇಲೆ ಕರುಳಿನ ಗೋಡೆಯನ್ನು ಕೊರೆದು, ಯಕೃತ್ತಿನ ಮಾಂಸಭಾಗದಲ್ಲಿ ವಾರಗಟ್ಟಲೆ ಸುರಂಗ ತೋಡುತ್ತಾ ಸಾಗಿ, ಕೊನೆಗೆ ಪಿತ್ತನಾಳವನ್ನು ಸೇರಿ ಅಲ್ಲಿ ಮೊಟ್ಟೆಯಿಡುತ್ತವೆ. ಇದಕ್ಕೆಲ್ಲ ಸುಮಾರು 3ರಿಂದ 4 ತಿಂಗಳು ಹಿಡಿಯುವುದರಿಂದ, ಅಷ್ಟರೊಳಗೆ ಸಗಣಿಯಲ್ಲಿ ಮೊಟ್ಟೆ ಕಾಣಲಿಲ್ಲವೆಂದು ಹಸು ಆರೋಗ್ಯವಾಗಿದೆ ಎಂದು ನಾನು ಬರೆದುಕೊಡುವುದಿಲ್ಲ.

ಸಗಣಿ ಪರೀಕ್ಷೆಯಲ್ಲಿ ಉಪ್ಪಿನ ದ್ರಾವಣದಲ್ಲಿ ತೇಲಿಸುವ ವಿಧಾನ ಇಲ್ಲಿ ಉಪಯೋಗಕ್ಕೆ ಬಾರದು, ಏಕೆಂದರೆ ಈ ಮೊಟ್ಟೆಗಳು ಭಾರವಾಗಿರುತ್ತವೆ. ಸಗಣಿಯನ್ನು ನೀರಿನಲ್ಲಿ ಕಲಸಿ, ಸೋಸಿ, ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ನೀರನ್ನು ಬಸಿಯುತ್ತೇನೆ. ತಿಳಿಯಾಗುವವರೆಗೂ ಇದನ್ನೇ ಮತ್ತೆ ಮಾಡಿ, ಉಳಿದ ಗಸಿಗೆ ಒಂದು ತೊಟ್ಟು ಮೆಥಿಲೀನ್ ಬ್ಲೂ ಹಾಕುತ್ತೇನೆ. ನೀಲಿ ಹಿನ್ನೆಲೆಯಲ್ಲಿ ಹೊಂಬಣ್ಣದ ಮೊಟ್ಟೆ ಎದ್ದು ಕಾಣುತ್ತದೆ. ಮೆಲುಕುಚೀಲದ ಚಪ್ಪಟೆ ಹುಳುವಿನ ಮೊಟ್ಟೆಯೂ ಆಕಾರದಲ್ಲಿ ಹೀಗೆಯೇ ಇರುವುದಾದರೂ ಅದಕ್ಕೆ ಹಳದಿ ಬಣ್ಣವಿರುವುದಿಲ್ಲ.

ಪಿತ್ತನಾಳಕ್ಕೆ ಆಗುವ ಹಾನಿ ಮರಣೋತ್ತರ ಪರೀಕ್ಷೆಯಲ್ಲಿಯೇ ಸರಿಯಾಗಿ ಅರ್ಥವಾಗುತ್ತದೆ. ಹುಳುಗಳು ತಮ್ಮ ಮೈಮೇಲಿನ ಮುಳ್ಳುಗಳಿಂದ ಒಳಪದರವನ್ನು ಗೀರುತ್ತಾ ರಕ್ತ ಹೀರುವುದರಿಂದ ಆ ಪದರ ಅತಿಯಾಗಿ ಬೆಳೆದು, ಸುತ್ತಲೂ ನಾರು ಕಟ್ಟಿ, ನಾಳಗಳು ಯಕೃತ್ತಿನ ಮೇಲ್ಮೈಯಲ್ಲಿ ಬೆಳ್ಳಗೆ ಉಬ್ಬಿ ನಿಲ್ಲುತ್ತವೆ. ದನಗಳಲ್ಲಿ ಕಾಲಕ್ರಮೇಣ ಗೋಡೆಗೆ ಸುಣ್ಣವೂ ಸೇರಿಕೊಳ್ಳುವುದರಿಂದ, ಕೊಯ್ಯುವಾಗ ಚಾಕುವಿಗೆ ಮರಳು ಸಿಕ್ಕಂತೆ ಕರಕರ ಸದ್ದು ಕೇಳಿಸುತ್ತದೆ. ಒಳಗೆ ಕಂದುಬಣ್ಣದ ಗಟ್ಟಿ ಪಿತ್ತವೂ ಹುಳುಗಳೂ ತುಂಬಿರುತ್ತವೆ. ಹೀಗೆ ಸುಣ್ಣಗಟ್ಟಿದ ನಾಳ ಔಷಧಿಯಿಂದ ಮೊದಲಿನಂತಾಗುವುದಿಲ್ಲವೆಂದು ರೈತರಿಗೆ ನೇರವಾಗಿ ಹೇಳುತ್ತೇನೆ. ಅಂಥ ಯಕೃತ್ತನ್ನು ಕಂಡು ಗಾಬರಿಯಾಗುವ ಮನೆಯವರಿಗೆ ಇನ್ನೊಂದನ್ನೂ ಹೇಳಬೇಕಾಗುತ್ತದೆ: ಈ ರೋಗ ಹಸುವಿನಿಂದ ನೇರವಾಗಿ ಮನುಷ್ಯರಿಗೆ ಅಂಟುವುದಿಲ್ಲ, ಕೋಶಗಳಿರುವ ನೀರಗಿಡವನ್ನು ಹಸಿಯಾಗಿ ತಿಂದರೆ ಬರಬಹುದು.

ಔಷಧಿಯ ಆಯ್ಕೆಯನ್ನು ಹುಳು ಎಲ್ಲಿದೆ ಎಂಬುದು ನಿರ್ಧರಿಸುತ್ತದೆ. ಆಕ್ಸಿಕ್ಲೋಜನೈಡ್ ಪಿತ್ತನಾಳ ಸೇರಿದ ಬಲಿತ ಹುಳುಗಳನ್ನು ಕೊಲ್ಲುತ್ತದೆ, ಯಕೃತ್ತಿನಲ್ಲಿ ಅಲೆಯುತ್ತಿರುವ ಮರಿಗಳ ಮೇಲೆ ಅದರ ಪರಿಣಾಮ ತೀರಾ ಕಡಿಮೆ. ಟ್ರೈಕ್ಲಾಬೆಂಡಜೋಲ್ ಎರಡನ್ನೂ ಕೊಲ್ಲುತ್ತದೆ. ದೇಹತೂಕದ ಪ್ರತಿ ಕಿಲೋಗೆ 12 ಮಿಲಿಗ್ರಾಂನಂತೆ, ತೂಕವನ್ನು ಅಳತೆಪಟ್ಟಿಯಿಂದ ಅಂದಾಜಿಸಿದ ಮೇಲೆಯೇ ಕುಡಿಸುತ್ತೇನೆ, ಕಡಿಮೆ ಪ್ರಮಾಣ ಕೊಟ್ಟರೆ ಹುಳು ಔಷಧಿಗೆ ಜಗ್ಗದಂತಾಗುತ್ತದೆ. ಹಾಲಿನಲ್ಲಿ ಅದರ ಅಂಶ ಉಳಿಯುವುದರಿಂದ ಹಾಲು ಬತ್ತಿಸಿದ ಅವಧಿಗೆ ಇದನ್ನು ಮೀಸಲಿಡುತ್ತೇನೆ.

ಬಸವನಹುಳು ಕೊಲ್ಲಲು ಮೈಲುತುತ್ತ ಹಾಕಬಹುದೇ ಎಂದು ಕೇಳುವವರಿದ್ದಾರೆ. ಮೀನಿಗೂ ಅದು ವಿಷವಾದ್ದರಿಂದ ನಾನು ಒಪ್ಪುವುದಿಲ್ಲ. ಬಾತುಕೋಳಿ ಸಾಕುವವರಿಗೆ ಅವನ್ನೇ ಗದ್ದೆಗೆ ಬಿಡಲು ಹೇಳುತ್ತೇನೆ. ಹಸಿ ಹುಲ್ಲನ್ನು ಬುಡದಿಂದ ಒಂದು ಗೇಣು ಬಿಟ್ಟು ಕೊಯ್ಯುವುದು, ಹೊಸ ಭತ್ತದ ಹುಲ್ಲನ್ನು ಚೆನ್ನಾಗಿ ಒಣಗಿಸಿ ಬಣವೆ ಹಾಕಿ ಕೆಲವು ತಿಂಗಳ ನಂತರವೇ ಬಳಸುವುದು, ಕುಡಿಯುವ ನೀರನ್ನು ಕೊಟ್ಟಿಗೆಯ ತೊಟ್ಟಿಯಲ್ಲೇ ಕೊಡುವುದು, ಇವಿಷ್ಟನ್ನು ಪಾಲಿಸಿದ ಮನೆಗಳಿಂದ ಮರುವರ್ಷ ಬರುವ ಕರೆಗಳು ಕಡಿಮೆ.