ಹುಂಜ ಊರು ತಿರುಗಲಿ, ಹೇಂಟೆ ಮನೆಯಲ್ಲಿರಲಿ: ಐದು ಮನೆ ಸೇರಿ ಬೋಳುಗುತ್ತಿಗೆ ಜವಾರಿ ಕೋಳಿ ಉಳಿಸುವ ಬಗೆ

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಜವಾರಿ ಕೋಳಿ ಉಳಿಸಬೇಕು ಅನ್ನುವವರಿಗೆ ಕೊರತೆ ಇಲ್ಲ. ನಾಲ್ಕೈದು ಜನ ಸೇರುತ್ತಾರೆ, ವಾಟ್ಸಾಪ್ ಗುಂಪು ಮಾಡಿಕೊಳ್ಳುತ್ತಾರೆ, ಒಬ್ಬರ ಹುಂಜ ಇನ್ನೊಬ್ಬರ ಮನೆಗೆ ಹೋಗುತ್ತದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಯಾವ ಮರಿ ಯಾವ ಮನೆಯದು ಅಂತ ಯಾರಿಗೂ ಗೊತ್ತಿರುವುದಿಲ್ಲ. ಕಾವಿಗಿಟ್ಟ ಮೊಟ್ಟೆಯಲ್ಲಿ ಅರ್ಧ ಒಡೆಯುವುದಿಲ್ಲ. ಒಡೆದು ಬಂದ ಮರಿಯಲ್ಲಿ ಗಿರಿರಾಜ ಅನ್ನುವ ಹ್ಯಾಚರಿ ಕೋಳಿಯ ಗಾತ್ರ, ಜವಾರಿಯ ಬಣ್ಣ. ಇಂಥ ಗುಂಪುಗಳನ್ನು ಬೇಕಾದಷ್ಟು ನೋಡಿದ್ದೇನೆ. ಬಹಳ ಜನ ಎಡವುವುದು ಒಂದೇ ಕಡೆ, ಹುಂಜ ಬದಲಿಸುವಾಗ. ಅದಕ್ಕೇ ಈ ಲೇಖನದಲ್ಲಿ ಆ ಭಾಗವೇ ಜಾಸ್ತಿ ಇದೆ.

ಬೋಳುಗುತ್ತಿಗೆ ಕೋಳಿಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರುಗಳು ನಮ್ಮವು. ಈ ಕೋಳಿಯ ಕುತ್ತಿಗೆ ಬೋಳಾಗಿರುವುದು ಒಂದು ಜೀನ್‌ನಿಂದ. ಅದು ಮೈಮೇಲಿನ ಪುಕ್ಕವನ್ನೂ ಕಡಿಮೆ ಮಾಡುತ್ತದೆ. ತಂದೆ ತಾಯಿ ಇಬ್ಬರಿಂದಲೂ ಆ ಜೀನ್ ಬಂದಿದ್ದರೆ ಪುಕ್ಕ ಸುಮಾರು ಶೇ 40ರಷ್ಟು ಕಡಿಮೆ. ಮೈಯ ಬಿಸಿ ಸಲೀಸಾಗಿ ಹೊರಗೆ ಹೋಗುತ್ತದೆ, ಸೆಖೆಯಲ್ಲೂ ಮೇವು ಬಿಡುವುದಿಲ್ಲ. ನೀವು ಬೇರೆ ಜವಾರಿ ಕೋಳಿ ಸಾಕುತ್ತಿದ್ದರೂ ಕೆಳಗಿನ ಕ್ರಮ ಅದೇ.

ಮೊದಲು: ಐದು ಮನೆ, ಐದು ಊರು

ಒಂದೇ ಮನೆಯಲ್ಲಿ ತಳಿ ಉಳಿಯುವುದಿಲ್ಲ. ಇದಕ್ಕೆ ಒಂದು ಸಣ್ಣ ಲೆಕ್ಕ ಇದೆ. ಹುಂಜಗಳ ಸಂಖ್ಯೆಯನ್ನು ಹೇಂಟೆಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಕೋಳಿಗಳ ಸಂಖ್ಯೆಯಿಂದ ಭಾಗಿಸಿ. ಒಂದು ಹುಂಜ, ಹತ್ತು ಹೇಂಟೆ ಇದ್ದರೆ 40ನ್ನು 11ರಿಂದ ಭಾಗಿಸಿದಂತೆ, ಮೂರೂವರೆ ಚಿಲ್ಲರೆ. ಅಂದರೆ ನಿಮ್ಮ ಅಂಗಳದಲ್ಲಿ ಹನ್ನೊಂದು ಕೋಳಿ ಓಡಾಡುತ್ತಿದ್ದರೂ ತಳಿಯ ಲೆಕ್ಕದಲ್ಲಿ ನಾಲ್ಕೂ ಇಲ್ಲ. ಒಂದು ಪೀಳಿಗೆಗೆ ರಕ್ತಸಂಬಂಧ ಹೆಚ್ಚುವುದು ಶೇ 13ಕ್ಕೂ ಮೇಲೆ. ಮೊಟ್ಟೆ ಒಡೆಯದಿರುವುದು, ಮರಿ ಸೊರಗುವುದು, ಸಣ್ಣ ರೋಗಕ್ಕೂ ಸಾಯುವುದು, ಎಲ್ಲ ಇದರಿಂದ ಶುರುವಾಗುತ್ತದೆ.

ಈಗ ಐದು ಮನೆ, ಮನೆಗೆ ಮೂರು ಹುಂಜ, ಹದಿನೈದು ಹೇಂಟೆ ಅಂತ ಇಟ್ಟುಕೊಳ್ಳಿ. 15 ಹುಂಜ, 75 ಹೇಂಟೆ. ಲೆಕ್ಕ ಹಾಕಿದರೆ ಸರಿಯಾಗಿ 50 ಬರುತ್ತದೆ. ಆಗ ಪೀಳಿಗೆಗೆ ಶೇ 1 ಮಾತ್ರ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ತಳಿ ಉಳಿಸುವವರಿಗೆ ಹೇಳುವ ಕನಿಷ್ಠ ಮಟ್ಟವೂ ಇದೇ 50.

ಐದೂ ಮನೆ ಒಂದೇ ಓಣಿಯಲ್ಲಿ ಬೇಡ. ಒಂದು ಕುಷ್ಟಗಿ ಕಡೆ, ಒಂದು ಮಸ್ಕಿ ಕಡೆ, ಒಂದು ಸಿರುಗುಪ್ಪ ಕಡೆ ಹೀಗಿರಲಿ. 2025ರ ಆರಂಭದಲ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಹಕ್ಕಿಜ್ವರ ಖಚಿತವಾದರೆ ಆ ಜಾಗದ ಸುತ್ತ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನೆಲ್ಲ ಕೊಲ್ಲುತ್ತಾರೆ, ರೋಗ ಇರಲಿ ಇಲ್ಲದಿರಲಿ. ಐದು ಊರಲ್ಲಿದ್ದರೆ ಒಂದು ಹೋದರೂ ನಾಲ್ಕು ಉಳಿಯುತ್ತವೆ.

ಕೋಳಿ ಹೊಂದಿಸುವುದು

ಹಳ್ಳಿಯ ಹಳೇ ಮನೆಗಳಿಂದಲೇ ತನ್ನಿ. ಅಜ್ಜಿ, ಅವ್ವ ಕಾಲದಿಂದ ಸಾಕಿಕೊಂಡು ಬಂದವರನ್ನು ಹುಡುಕಿ. ಟೆಂಪೋದಲ್ಲಿ "ನಾಟಿ ಮರಿ" ಅಂತ ಮಾರಿಕೊಂಡು ಬರುವುದನ್ನು ಮುಟ್ಟಬೇಡಿ. ಅವುಗಳಲ್ಲಿ ಬಹಳಷ್ಟು ಹ್ಯಾಚರಿಯ ಬಣ್ಣದ ಪುಕ್ಕದ ಮಿಶ್ರತಳಿಗಳು. ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳಂತೂ ಬೇಡವೇ ಬೇಡ.

ಒಂದು ಗುರುತು ತಿಳಿದಿರಲಿ. ಕುತ್ತಿಗೆಯ ಮುಂಭಾಗದಲ್ಲಿ ಪುಕ್ಕದ ಒಂದು ಗೊಂಚಲು ಉಳಿದಿದ್ದರೆ ಅದಕ್ಕೆ ಬೋಳುಗುತ್ತಿಗೆ ಜೀನ್ ಒಂದು ಕಡೆಯಿಂದ ಮಾತ್ರ ಬಂದಿದೆ. ಪೂರ್ತಿ ಬೋಳಾಗಿದ್ದರೆ ಎರಡೂ ಕಡೆಯಿಂದ ಬಂದಿದೆ. ಗೊಂಚಲಿರುವ ಎರಡು ಕೋಳಿ ಕೂಡಿದರೆ ನಾಲ್ಕರಲ್ಲಿ ಒಂದು ಮರಿ ಪೂರ್ತಿ ಪುಕ್ಕದ ಕುತ್ತಿಗೆಯದು ಬರುತ್ತದೆ. ಅದನ್ನು ಕೆಟ್ಟ ತಳಿ ಅಂತ ಕೊಟ್ಟುಬಿಡುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ, ಮೊದಲ ಎರಡು ವರ್ಷವಂತೂ ಬೇಡ. ಗಟ್ಟಿತನ, ಕಾವು ಕೂರುವ ಗುಣ, ಹದ್ದು ಕಂಡರೆ ಮರಿಗಳನ್ನು ರೆಕ್ಕೆಯಡಿ ಎಳೆದುಕೊಳ್ಳುವ ಚುರುಕು ಇವೆಲ್ಲ ಕುತ್ತಿಗೆಯಲ್ಲಿ ಇಲ್ಲ. ಕುತ್ತಿಗೆಯೊಂದನ್ನೇ ನೋಡಿ ಆರಿಸಿದರೆ ಉಳಿದದ್ದೆಲ್ಲ ಕೈಬಿಟ್ಟುಹೋಗುತ್ತದೆ.

ದುಡ್ಡಿಲ್ಲದವರಿಗೆ ಪಾಲಿಗೆ ಕೊಡಿ. ಹೇಂಟೆ ನಿಮ್ಮದು, ಸಾಕುವುದು ಅವರು, ಮರಿಯಲ್ಲಿ ಅರ್ಧ ಪಾಲು. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ ಇದು. ಮಾತು ಮಾತ್ರ ಪುಸ್ತಕದಲ್ಲಿ ಬರೆದಿರಲಿ.

ಮರಿಗೆ ಗುರುತು

ಮರಿ ಒಡೆದ ದಿನವೇ ಕಾಲಿನ ಬೆರಳುಗಳ ನಡುವಿನ ತೆಳು ಚರ್ಮಕ್ಕೆ ಸಣ್ಣ ತೂತು ಹಾಕಬೇಕು. ಇದಕ್ಕೆ ಟೋ ಪಂಚ್ ಅಂತ ಕಡಿಮೆ ಬೆಲೆಯ ಸಾಧನ ಸಿಗುತ್ತದೆ. ಒಂದೊಂದು ಕಾಲಲ್ಲಿ ಎರಡು ಜಾಗ, ಒಟ್ಟು ನಾಲ್ಕು. ಒಂದನೇ ಮನೆಗೆ ಎಡಗಾಲ ಹೊರಗಿನದು, ಎರಡನೇ ಮನೆಗೆ ಎಡಗಾಲ ಒಳಗಿನದು, ಮೂರಕ್ಕೆ ಬಲಗಾಲ ಒಳಗಿನದು, ನಾಲ್ಕಕ್ಕೆ ಬಲಗಾಲ ಹೊರಗಿನದು, ಐದಕ್ಕೆ ಎರಡೂ ಕಾಲಿನ ಹೊರಗಿನದು. ತೂತಿಲ್ಲದ ಕೋಳಿ ಗುಂಪಿನದಲ್ಲ ಅಂತ ಇಟ್ಟುಕೊಳ್ಳಿ. ತೂತು ಹಾಕಿದಾಗ ಚರ್ಮದ ಚೂರು ಪೂರ್ತಿ ಕಿತ್ತು ಬರಬೇಕು. ಅರ್ಧ ನೇತಾಡುತ್ತಿದ್ದರೆ ಮತ್ತೆ ಕೂಡಿಕೊಳ್ಳುತ್ತದೆ, ಗುರುತು ಮಾಯವಾಗುತ್ತದೆ.

ಪ್ಲಾಸ್ಟಿಕ್ ರಿಂಗ್ ಮರಿಗೆ ಬೇಡ. ಕಾಲು ದಪ್ಪವಾದಂತೆ ಬಿಗಿಯುತ್ತದೆ, ನೋಡದೆ ಬಿಟ್ಟರೆ ಮಾಂಸಕ್ಕೆ ಇಳಿಯುತ್ತದೆ. ದೊಡ್ಡ ಕೋಳಿಗೆ ಹಾಕಬಹುದು.

ಹುಂಜ ಬದಲಿಸುವುದು

ಇದನ್ನು ಎರಡು ಸಲ ಓದಿ.

ನಿಯಮ ಒಂದೇ. ಹೇಂಟೆ ಹುಟ್ಟಿದ ಮನೆ ಬಿಡುವುದಿಲ್ಲ. ಹುಂಜ ಹುಟ್ಟಿದ ಮನೆಯಲ್ಲಿ ಇರುವುದಿಲ್ಲ. ಒಂದನೇ ಮನೆಯ ಎಳೆ ಹುಂಜಗಳು ಎರಡನೇ ಮನೆಗೆ, ಎರಡನೆಯದು ಮೂರಕ್ಕೆ, ಮೂರನೆಯದು ನಾಲ್ಕಕ್ಕೆ, ನಾಲ್ಕನೆಯದು ಐದಕ್ಕೆ, ಐದನೆಯದು ಒಂದಕ್ಕೆ. ಪ್ರತಿ ವರ್ಷವೂ ಇದೇ ದಿಕ್ಕು. "ಈ ವರ್ಷ ಅವರ ಹುಂಜ ಚೆನ್ನಾಗಿದೆ, ಅವರದ್ದೇ ತರೋಣ" ಅಂತ ಯಾರೋ ಒಬ್ಬರು ದಿಕ್ಕು ತಪ್ಪಿಸಿದರೆ ಸಾಕು, ಮೂರನೇ ವರ್ಷಕ್ಕೆ ಅಣ್ಣ ತಂಗಿ ಒಂದೇ ಗೂಡಿನಲ್ಲಿರುತ್ತವೆ. ಇಬ್ಬರು ತಮ್ಮತಮ್ಮಲ್ಲೇ ಅದಲುಬದಲು ಮಾಡಿಕೊಳ್ಳುವುದೂ ಅಷ್ಟೇ ಕೆಟ್ಟದ್ದು.

ದಿನ ಯಾವುದು? ನನ್ನ ಪ್ರಕಾರ ಪಂಚಮಿ ಹಬ್ಬದ ಆಸುಪಾಸೇ ಸರಿ. ಬಿಸಿಲು ಇಳಿದಿರುತ್ತದೆ, ಹಿಂದಿನ ಚಳಿಗಾಲದ ಮರಿಗಳು ಬಲಿತ ಹುಂಜಗಳಾಗಿರುತ್ತವೆ. ಮುಂದಿನ ಹಂತಕ್ಕೂ ಹಬ್ಬಗಳೇ ನೆನಪಿಸುತ್ತವೆ.

ಪಂಚಮಿಗೆ ಹಳೇ ಹುಂಜಗಳನ್ನು ಹೇಂಟೆಗಳಿಂದ ಪೂರ್ತಿ ತೆಗೆಯಿರಿ. ಹೊಸ ಹುಂಜ ಬಂದ ಕೂಡಲೇ ಒಳಗೆ ಬಿಡಬೇಡಿ. ಬಹುತೇಕರು ತಪ್ಪು ಮಾಡುವುದು ಇಲ್ಲೇ. ಹಳೇ ಹುಂಜದ ವೀರ್ಯ ಹೇಂಟೆಯ ಹೊಟ್ಟೆಯಲ್ಲಿ ಎರಡರಿಂದ ಮೂರು ವಾರ ಜೀವಂತ ಇರುತ್ತದೆ. ಇವತ್ತು ಹುಂಜ ಬದಲಿಸಿ ನಾಳೆಯಿಂದ ಮೊಟ್ಟೆ ಕೂಡಿಟ್ಟರೆ ಆ ಮರಿಗಳಲ್ಲಿ ಹಳೇ ಹುಂಜದವೂ ಇರುತ್ತವೆ, ಹೊಸದರವೂ ಇರುತ್ತವೆ. ನೋಡಿ ಹೇಳಲು ಬರುವುದಿಲ್ಲ. ಪುಸ್ತಕದಲ್ಲಿ ಬರೆದ ಅಪ್ಪ ಒಬ್ಬ, ನಿಜವಾದ ಅಪ್ಪ ಇನ್ನೊಬ್ಬ.

ಅದಕ್ಕೆ ಮೂರು ವಾರ ಹೇಂಟೆಗಳು ಹುಂಜ ಇಲ್ಲದೆ ಇರಲಿ. ಆ ಮೂರು ವಾರ ಹೊಸ ಹುಂಜ ದೂರದ ಬೇರೆ ಗೂಡಿನಲ್ಲಿ ಇರಲಿ. ಹೊರಗಿನಿಂದ ಬಂದ ಕೋಳಿಯನ್ನು ಹೇಗೂ ಬೇರೆ ಇಟ್ಟು ನೋಡಬೇಕಲ್ವಾ, ಕೊಕ್ಕರೆ ರೋಗ (ರಾಣಿಖೇತ್) ತಂದಿದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ. ಅದರ ನೀರಿನ ಬಟ್ಟಲು, ಮೇವಿನ ಬುಟ್ಟಿ ಬೇರೆ. ಮೊದಲು ಮನೆಯ ಕೋಳಿಗೆ ಮೇವು ಹಾಕಿ, ಆಮೇಲೆ ಹೊಸದಕ್ಕೆ ಹಾಕಿ, ಕೈಕಾಲು ತೊಳೆದುಕೊಳ್ಳಿ. ಒಂದೇ ಕಾಯುವಿಕೆಯಲ್ಲಿ ಎರಡು ಕೆಲಸ ಮುಗಿಯುತ್ತದೆ. ಈ ಮೂರು ವಾರದ ಮೊಟ್ಟೆ ತಿನ್ನಿ, ಮಾರಿ. ಕಾವಿಗೆ ಒಂದನ್ನೂ ಇಡಬೇಡಿ.

ಗಣೇಶ ಹಬ್ಬದ ಹೊತ್ತಿಗೆ ಹುಂಜ ಒಳಗೆ ಬಿಡಿ. ಅಲ್ಲಿಂದ ಹತ್ತು ದಿನ ಬಿಟ್ಟು ಕಾವಿಗೆ ಮೊಟ್ಟೆ ಕೂಡಿಡಲು ಶುರು ಮಾಡಿ.

ಮೂರು ಹುಂಜಗಳನ್ನು ಒಟ್ಟಿಗೇ ಬಿಡಬೇಡಿ. ಒಟ್ಟಿಗೆ ಬಿಟ್ಟರೆ ಜೋರಿನದೊಂದು ಉಳಿದೆರಡನ್ನು ಹೇಂಟೆಯ ಹತ್ತಿರಕ್ಕೂ ಬಿಡುವುದಿಲ್ಲ. ಹೆಸರಿಗೆ ಮೂರು ಹುಂಜ, ಮರಿಗಳೆಲ್ಲ ಒಂದರವೇ. ಮೇಲೆ ಹಾಕಿದ ಲೆಕ್ಕ ಕುಸಿದುಬೀಳುತ್ತದೆ. ಸರದಿಯ ಮೇಲೆ ಬಿಡಿ: ಒಂದು ಹುಂಜ ಹೇಂಟೆಗಳ ಜೊತೆ, ಎರಡು ಬೇರೆ ಗೂಡಿನಲ್ಲಿ, ವಾರಕ್ಕೊಮ್ಮೆ ಬದಲು. ಯಾವ ಮರಿ ಆ ಮೂರರಲ್ಲಿ ಯಾವುದರದ್ದು ಅಂತ ಇದರಿಂದ ತಿಳಿಯದು, ಪರವಾಗಿಲ್ಲ. ಮನೆ ತಿಳಿದರೆ ಸಾಕು. ಜಾಗ ಇದ್ದವರು ಹುಂಜಕ್ಕೆ ಐದೈದು ಹೇಂಟೆ ಮಾಡಿ ಮೂರು ಬೇರೆ ಗೂಡು ಮಾಡಿದರೆ ಇನ್ನೂ ಚೆನ್ನ.

ಇನ್ನು ಪಕ್ಕದ ಮನೆಯ ಹುಂಜ. ಇಷ್ಟೆಲ್ಲ ಮಾಡಿದ ಮೇಲೂ ಕೆಲಸ ಕೆಡಿಸುವುದು ಅದೇ. ಸಂಜೆ ಒಂದು ಗಳಿಗೆ ನಿಮ್ಮ ಅಂಗಳಕ್ಕೆ ಹಾರಿ ಬಂದರೂ ಸಾಕು. ಪಂಚಮಿಯಿಂದ ಮೊಟ್ಟೆ ಕೂಡಿಡುವುದು ಮುಗಿಯುವ ತನಕ ಹೇಂಟೆಗಳನ್ನು ಬಲೆಯ ಒಳಗೇ ಇಡಿ. ಆಳೆತ್ತರದ ಕಂಬ ನೆಟ್ಟು ಸುತ್ತಲೂ ಬಲೆ ಕಟ್ಟಿ, ಮೇಲೂ ಮುಚ್ಚಿ. ತುಂಗಭದ್ರಾ ಹಿನ್ನೀರಿನ ಕಡೆ ಮೀನುಗಾರರು ಬಿಟ್ಟ ಹಳೇ ಬಲೆ ಸಿಕ್ಕರೆ ಖರ್ಚೂ ಕಡಿಮೆ. ಇದಕ್ಕಿಂತ ಒಳ್ಳೇ ದಾರಿ ಅಂದರೆ ಅಕ್ಕಪಕ್ಕದ ನಾಲ್ಕು ಮನೆಗೆ ನಿಮ್ಮ ತಳಿಯ ಹುಂಜವನ್ನೇ ಸುಮ್ನೆ ಕೊಟ್ಟು ಅವರ ಹುಂಜವನ್ನು ತೆಗೆಸುವುದು. ಬೆಲೆ ಕೊಟ್ಟು ಕೊಂಡರೂ ನಷ್ಟ ಇಲ್ಲ. ಓಣಿಯೇ ನಿಮ್ಮ ಬೇಲಿಯಾಗುತ್ತದೆ.

ಕಾವಿಗೆ ಕೂರಿಸುವುದು

ಮೊಟ್ಟೆ ಏಳು ದಿನಕ್ಕಿಂತ ಹಳೆಯದಾಗದಿರಲಿ. ಒದ್ದೆ ಮರಳಿನಲ್ಲಿ ಹುಗಿದ ಮಣ್ಣಿನ ಗಡಿಗೆಯಲ್ಲಿ, ಚೂಪು ತುದಿ ಕೆಳಗೆ ಮಾಡಿ ಇಡಿ. ಒಂದು ಹೇಂಟೆಯ ಕೆಳಗೆ ಹತ್ತರಿಂದ ಹನ್ನೆರಡು. ಬುಟ್ಟಿಗೆ ಬೂದಿ, ಬೇವಿನ ಎಲೆ ಹಾಕಿದರೆ ಹೇನು ಕಡಿಮೆ. ಏಳನೇ ದಿನ ರಾತ್ರಿ ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆ ಹಿಡಿದು ನೋಡಿ. ಒಳಗೆ ಕೆಂಪು ನರಗಳಿಲ್ಲದ ಮೊಟ್ಟೆ ತೆಗೆಯಿರಿ, ಎಷ್ಟು ತೆಗೆದಿರಿ ಅಂತ ಬರೆಯಿರಿ. 21ನೇ ದಿನ ಮರಿ.

ಥರ್ಮೋಕೋಲ್ ಡಬ್ಬಿಯ ಅಗ್ಗದ ಕಾವು ಯಂತ್ರಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಬೇಕಿರುವುದು 37.5 ಡಿಗ್ರಿ. ಅವುಗಳ ಮೀಟರ್ ತೋರಿಸುವುದೊಂದು, ಒಳಗಿರುವುದೊಂದು. ಕರೆಂಟ್ ಹೋದರೆ ಅದೂ ಇಲ್ಲ. ಅದಕ್ಕಿಂತ ದೊಡ್ಡ ಮಾತು ಅಂದರೆ, ಪೀಳಿಗೆಯಿಂದ ಪೀಳಿಗೆಗೆ ಯಂತ್ರದಲ್ಲೇ ಮರಿ ಮಾಡಿಸಿದರೆ ಕಾವು ಕೂರದ ಹೇಂಟೆಯ ಮರಿಯೂ ಉಳಿಯುತ್ತದೆ. ಆ ಗುಣ ತಳಿಯಿಂದಲೇ ಜಾರಿಹೋಗುತ್ತದೆ. ಗಿರಿರಾಜ ಕಾವು ಕೂರುವುದಿಲ್ಲ, ಪ್ರತಿ ಸಲವೂ ಮರಿ ಕೊಂಡೇ ತರಬೇಕು. ಜವಾರಿಗೂ ಆ ಗತಿ ಯಾಕೆ?

ಬೇಸಿಗೆಯಲ್ಲಿ ಕಾವು ಬೇಡ. ಫೆಬ್ರುವರಿಗೆ ನಿಲ್ಲಿಸಿ.

ಲಸಿಕೆ: ಓಣಿಯವರೆಲ್ಲ ಸೇರಿ ಒಂದೇ ದಿನ

ಮರಿಗೆ ಏಳನೇ ದಿನ ಕೊಕ್ಕರೆ ರೋಗದ ಲಸೋಟಾ ಹನಿ, ಕಣ್ಣಿಗೆ ಒಂದು ತೊಟ್ಟು. ನಾಲ್ಕನೇ ವಾರ ಮತ್ತೊಮ್ಮೆ. ಎಂಟನೇ ವಾರದ ಹೊತ್ತಿಗೆ ಅದೇ ರೋಗಕ್ಕೆ ಆರ್‌ಟುಬಿ ಚುಚ್ಚುಮದ್ದು, ಅದನ್ನು ಪಶು ಆಸ್ಪತ್ರೆಯವರ ಕೈಯಲ್ಲೇ ಹಾಕಿಸಿ.

ಲಸಿಕೆಯ ಸಣ್ಣ ಶೀಷೆಯೂ ಸಾಮಾನ್ಯವಾಗಿ ನೂರು ಕೋಳಿಗೆ ಆಗುವಷ್ಟಿರುತ್ತದೆ. ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಇಪ್ಪತ್ತು ಮರಿ ಇರುವವರು ಒಬ್ಬರೇ ತಂದರೆ ಉಳಿದದ್ದು ಹಾಳು, ಅದಕ್ಕೇ ಬಹಳ ಜನ ಹಾಕಿಸುವುದೇ ಇಲ್ಲ. ಪ್ರತಿ ಮನೆಯವರೂ ತಮ್ಮ ಓಣಿಯ ಉಳಿದ ಸಾಕಣೆಗಾರರ ಜೊತೆ ಒಂದು ದಿನ ಗೊತ್ತು ಮಾಡಿಕೊಂಡು ಒಂದು ಶೀಷೆ ತರಿಸಲಿ. ಐಸ್ ತುಂಬಿದ ಡಬ್ಬಿಯಲ್ಲೇ ತನ್ನಿ. ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ತಂದ ಲಸಿಕೆ ನೀರಿಗೆ ಸಮ.

ಪುಸ್ತಕ

ಐದು ಮನೆಯಲ್ಲೂ ಒಂದೇ ತರದ ಪುಸ್ತಕ. ಬರೆಯಬೇಕಾದ್ದು ಇಷ್ಟೇ: ಹುಂಜ ಬಂದ ದಿನ, ಯಾವ ಮನೆಯದು, ಒಳಗೆ ಬಿಟ್ಟ ದಿನ, ಇಟ್ಟ ಮೊಟ್ಟೆ, ಒಡೆದ ಮರಿ, ಯುಗಾದಿಗೆ ಉಳಿದ ಮರಿ, ಸತ್ತದ್ದು ಯಾಕೆ. ವಾಟ್ಸಾಪ್‌ನಲ್ಲಿ ಹಾಕಿದರೆ ಸಾಲದು. ಫೋನ್ ಬದಲಾದಾಗ ಹೋಗುತ್ತದೆ.

ಯುಗಾದಿಗೆ ಐದೂ ಮನೆಯವರು ಪುಸ್ತಕ ಹಿಡಿದು ಒಂದು ಕಡೆ ಸೇರಿ. ಒಂದು ಮನೆಯಲ್ಲಿ ಮಾತ್ರ ಮರಿ ಒಡೆಯುವುದು ಕಡಿಮೆಯಾಗಿದ್ದರೆ ಮೊದಲು ಅಲ್ಲಿನ ಹುಂಜ ನೋಡಿ. ಐದರಲ್ಲೂ ಕಡಿಮೆಯಾಗುತ್ತಾ ಬಂದರೆ ದೂರದ ಬೇರೆ ಊರಿನಿಂದ ಸಂಬಂಧವಿಲ್ಲದ ಬೋಳುಗುತ್ತಿಗೆ ಹುಂಜ ತರುವ ಹೊತ್ತು ಬಂದಿದೆ. ಅದನ್ನು ಒಂದೇ ಮನೆಗೆ ಬಿಡಿ. ಅದರ ಮಕ್ಕಳು ಪ್ರತಿ ವರ್ಷ ಒಂದೊಂದು ಮನೆ ದಾಟಿ ಉಳಿದವರಿಗೆ ತಲುಪುತ್ತವೆ.

ಯಾರಾದರೂ ಬಿಟ್ಟುಹೋಗುತ್ತೇನೆ ಅಂದರೆ ಅವರ ಹೇಂಟೆಗಳನ್ನು ಸಂತೆಗೆ ಹೋಗಲು ಬಿಡಬೇಡಿ. ಆರನೇ ಮನೆಯೊಂದನ್ನು ಮೊದಲೇ ನೋಡಿಟ್ಟುಕೊಂಡು ಎಲ್ಲ ಹೇಂಟೆಗಳನ್ನೂ ಒಟ್ಟಿಗೆ ಅಲ್ಲಿಗೆ ಸಾಗಿಸಿ, ಅದೇ ತೂತಿನ ಗುರುತು, ಅದೇ ಸರದಿ ಮುಂದುವರಿಸಿ. ಅಲ್ಲೂ ಮೂರು ವಾರ ಬೇರೆ ಇಡುವುದನ್ನು ಮರೆಯಬೇಡಿ.