ಕ್ಯಾಟಮರಾನ್ ಬೋಟಿಗೆ ಟ್ರಿಮ್ ಟ್ಯಾಬ್: ನಾನು ಬಳಸುವ ರೀತಿ

ಒಂದೇ ಹಲ್ (ನೀರಿನಲ್ಲಿ ತೇಲುವ ಬೋಟಿನ ಒಡಲು) ಇರುವ ಬೋಟ್ ಓಡಿಸಿ ಅಭ್ಯಾಸ ಆದವರು ಕ್ಯಾಟಮರಾನ್ (ಎರಡು ಹಲ್‌ನ ಬೋಟ್) ಹತ್ತಿದ ಕೂಡಲೇ ಬೆರಳಿಡುವುದು ಟ್ಯಾಬ್ ಬಟನ್ ಮೇಲೆ. ಬೋಟ್ ಸ್ವಲ್ಪ ವಾಲಿತಾ, ಒಂದು ಕಡೆ ಟ್ಯಾಬ್ ಇಳಿಸು. ತೆರೆ ಎದ್ದಿತಾ, ಎರಡೂ ಇಳಿಸು. ದುಬೈನಲ್ಲಿ ಬೋಟ್ ರಿಪೇರಿ, ಟ್ರಯಲ್ ಎಂದು ಓಡಾಡುವ ನನಗೆ ಈ ಅಭ್ಯಾಸ ಬಿಡಿಸುವುದೇ ದೊಡ್ಡ ಕೆಲಸ. ಎರಡು ಹಲ್‌ನ ಬೋಟಿನಲ್ಲಿ ಟ್ಯಾಬಿನ ಲೆಕ್ಕವೇ ಬೇರೆ.

ಗೊತ್ತಿಲ್ಲದವರಿಗೆ ಎರಡು ಮಾತು. ಟ್ರಿಮ್ ಟ್ಯಾಬ್ ಅಂದರೆ ಬೋಟಿನ ಹಿಂಬದಿ ಗೋಡೆಗೆ, ಅಂದರೆ ಟ್ರಾನ್ಸಮ್‌ಗೆ, ಕೀಲು ಹಾಕಿ ಕೂರಿಸಿದ ಸ್ಟೀಲ್ ತಗಡು. ಹೈಡ್ರಾಲಿಕ್ ಅಥವಾ ಎಲೆಕ್ಟ್ರಿಕ್ ರಾಡ್ ಅದನ್ನು ಕೆಳಗೆ ತಳ್ಳುತ್ತದೆ. ತಗಡು ಕೆಳಗಿಳಿದಾಗ ನೀರಿನ ರಭಸ ಬೋಟಿನ ಹಿಂಭಾಗವನ್ನು ಎತ್ತುತ್ತದೆ, ಮೂತಿ ಕೆಳಗಾಗುತ್ತದೆ. ಇದರ ಬೆಲೆ ಎಳೆತ. ಇಳಿದಷ್ಟೂ ನೀರು ಬೋಟನ್ನು ಹಿಂದಕ್ಕೆ ಎಳೆಯುತ್ತದೆ.

ನಾನು ಜಾಸ್ತಿ ಓಡಿಸುವುದು 36 ಅಡಿಯ ಫಿಶಿಂಗ್ ಕ್ಯಾಟ್ (ಕ್ಯಾಟಮರಾನ್), ಹಿಂದೆ 300 ಎಚ್‌ಪಿಯ ಎರಡು ಔಟ್‌ಬೋರ್ಡ್. ಪ್ರತಿ ಹಲ್‌ಗೆ ಒಂದು ಎಂಜಿನ್, ಒಂದು ಸಣ್ಣ ಟ್ಯಾಬ್. ಹಲ್ ಸಪೂರ ಇರುವುದರಿಂದ ದೊಡ್ಡ ತಗಡಿಗೆ ಅಲ್ಲಿ ಜಾಗವೇ ಇಲ್ಲ. ಟ್ಯಾಬನ್ನು ಆದಷ್ಟು ಹೊರಗಿನ ಅಂಚಿಗೆ ಕೂರಿಸುತ್ತೇನೆ. ಪ್ರೊಪೆಲ್ಲರ್‌ಗೆ ತೀರಾ ಹತ್ತಿರವಾದರೆ ಅದಕ್ಕೆ ಕಲಕಿದ ನೀರು ಸಿಕ್ಕಿ ಹಿಡಿತ ತಪ್ಪುತ್ತದೆ, ಆರ್‌ಪಿಎಂ ಸುಮ್ನೆ ಮೇಲೆ ಹಾರುತ್ತದೆ.

ಒಂದು ಕಡೆಯ ಟ್ಯಾಬ್ ಮಾತ್ರ ಇಳಿಸಿದರೆ ಏನಾಗುತ್ತದೆ ನೋಡಿ. ಕ್ಯಾಟ್‌ನಲ್ಲಿ ಆ ತಗಡು ಬೋಟಿನ ನಡುವಿನಿಂದ ತುಂಬಾ ದೂರ ಇದೆ. ಅಷ್ಟು ದೂರದಲ್ಲಿ ಎಳೆತ ಬಿದ್ದಾಗ ಅದು ಒಂದು ಬದಿಗೆ ಬ್ರೇಕ್ ಹಿಡಿದಂತೆ. ಬಲಗಡೆ ಇಳಿಸಿದರೆ ಬೋಟ್ ಬಲಕ್ಕೆ ತಿರುಗಲು ನೋಡುತ್ತದೆ. ಅದನ್ನು ತಡೆಯಲು ನೀವು ಸ್ಟಿಯರಿಂಗನ್ನು ಎಡಕ್ಕೆ ಹಿಡಿಯುತ್ತೀರಿ. ಎರಡೂ ಸೇರಿ ಸ್ಪೀಡ್ ತಿನ್ನುತ್ತವೆ. ನನ್ನ ಜೊತೆ ಕೆಲಸ ಮಾಡುವ ಕಾಪುವಿನ ಹುಡುಗ ಮೊದಮೊದಲು ಕೇಳುತ್ತಿದ್ದ: "ಅಣ್ಣ, ಬೋಟ್ ಎಡಕ್ಕೆ ವಾಲಿದೆ, ಎಡಗಡೆ ಟ್ಯಾಬ್ ಇಳಿಸ್ಲಾ?" ನನ್ನ ಉತ್ತರ ಒಂದೇ. "ಮೊದಲು ಐಸ್ ಬಾಕ್ಸ್ ಎಲ್ಲಿದೆ ನೋಡು ಮಾರಾಯ. ಆಮೇಲೆ ಎರಡೂ ಟ್ಯಾಂಕಿನ ಪೆಟ್ರೋಲ್ ನೋಡು." ಇಂಧನ ಟ್ಯಾಂಕ್ ಆಯಾ ಹಲ್ ಒಳಗೇ ಇರುವ ಬೋಟಿನಲ್ಲಿ ಒಂದು ಖಾಲಿ, ಇನ್ನೊಂದು ತುಂಬಿದ್ದರೆ ವಾಲದೆ ಇನ್ನೇನಾಗುತ್ತದೆ? ಭಾರ ಸರಿಮಾಡಿ. ಸಾಲದಿದ್ದರೆ ಎರಡು ಎಂಜಿನ್‌ಗಳ ಟ್ರಿಮ್‌ನಲ್ಲಿ, ಅಂದರೆ ಅವನ್ನು ಬಾಗಿಸುವ ಕೋನದಲ್ಲಿ, ಚೂರು ವ್ಯತ್ಯಾಸ ಮಾಡಿ. ಟ್ಯಾಬ್ ಕೊನೆಗೆ, ಅದೂ ಬಟನ್ ಮೇಲೆ ಒಂದು ತಟ್ಟು.

ಹಾಗಾದರೆ ಟ್ಯಾಬ್ ಯಾಕೆ ಬೇಕು? ಮುಖ್ಯವಾಗಿ ಪ್ಲೇನ್ ಹತ್ತಲು, ಅಂದರೆ ಬೋಟ್ ಮೇಲೆದ್ದು ನೀರಿನ ಮೇಲೆ ಜಾರುತ್ತಾ ಓಡಲು. ಸಪೂರ ಹಲ್‌ಗಳು ಭಾರ ಹಾಕಿದಷ್ಟೂ ಬೇಗ ನೀರಿನಲ್ಲಿ ಕೆಳಗಿಳಿಯುತ್ತವೆ. ಟ್ಯಾಂಕ್ ತುಂಬಿ, ಹಿಂದೆ ನಾಲ್ಕು ಜನ ನಿಂತರೆ ಬಾಲ ಕೂತುಬಿಡುತ್ತದೆ. ಆಗ ಎರಡೂ ಟ್ಯಾಬ್ ಒಟ್ಟಿಗೆ ಇಳಿಸಿ ಥ್ರಾಟಲ್ ಕೊಡುತ್ತೇನೆ. ಬೋಟ್ ಬೇಗ ನೀರಿನ ಮೇಲೆ ಬರುತ್ತದೆ. ಬಂದ ಕೂಡಲೇ ಟ್ಯಾಬ್ ಮೇಲೆ. ಎರಡನೇ ಉಪಯೋಗ ನಿಧಾನವಾಗಿ ಪ್ಲೇನ್ ಉಳಿಸಿಕೊಳ್ಳುವುದು. ತುಂಬಿದ ನಮ್ಮ ಬೋಟ್ ಟ್ಯಾಬ್ ಇಲ್ಲದೆ ಸ್ಪೀಡ್ 17-18 ನಾಟ್‌ಗಿಂತ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ಕೆಳಗಾದರೆ ಪ್ಲೇನ್ ಬಿಟ್ಟು ಕುಸಿಯುತ್ತದೆ. ಸ್ವಲ್ಪ ಟ್ಯಾಬ್ ಇದ್ದರೆ 14ರ ಆಸುಪಾಸಿನಲ್ಲೂ ನಿಲ್ಲುತ್ತದೆ. ಶಮಾಲ್ (ಇಲ್ಲಿನ ವಾಯವ್ಯ ಗಾಳಿ) ಬೀಸುವ ದಿನ ಈ ಮೂರ್ನಾಲ್ಕು ನಾಟ್ ಎಷ್ಟು ದೊಡ್ಡದು ಎಂದು ಇಲ್ಲಿ ಸಮುದ್ರಕ್ಕೆ ಹೋದವರಿಗೆ ಗೊತ್ತು. ಈ ಪರ್ಷಿಯನ್ ಕೊಲ್ಲಿಯ ಸರಾಸರಿ ಆಳ ಬರೀ 35 ಮೀಟರ್. ವಾಯವ್ಯ ಗಾಳಿಗೆ ತೆರೆ ಗಿಡ್ಡವಾಗಿ, ಕಡಿದಾಗಿ, ಒಂದರ ಹಿಂದೆ ಒಂದು ಬರುತ್ತದೆ.

ಎದುರು ತೆರೆಯಲ್ಲೇ ಹಳೆಯ ಅಭ್ಯಾಸ ಕೈಕೊಡುವುದು. ಒಂಟಿ ಹಲ್‌ನವರು ಮೂತಿ ತಗ್ಗಿಸಿ ನೀರು ಸೀಳುತ್ತಾರೆ. ಕ್ಯಾಟ್‌ನಲ್ಲಿ ಮೂತಿ ಜಾಸ್ತಿ ತಗ್ಗಿದರೆ ಎರಡು ಹಲ್ ನಡುವಿನ ಟನಲ್‌ನ ಚಾವಣಿ ನೀರಿಗೆ ಹತ್ತಿರವಾಗುತ್ತದೆ. ಧಡ್ ಎಂದು ಹೊಡೆತ. ಟನಲ್‌ನಲ್ಲಿ ಸಿಕ್ಕಿಬಿದ್ದ ಗಾಳಿ ನೀರನ್ನೂ ಸೇರಿಸಿಕೊಂಡು ಮುಂದಿನಿಂದ ಬುಸ್ ಎಂದು ಬರುತ್ತದೆ. ಅದಕ್ಕೇ ಇಲ್ಲಿ ಬೋಟ್ ಸೀನುತ್ತದೆ ಎನ್ನುತ್ತಾರೆ. ಆಗ ಟ್ಯಾಬ್ ಸ್ವಲ್ಪ ಎತ್ತಿ, ಸ್ಪೀಡ್ ಒಂದೆರಡು ನಾಟ್ ಆಚೀಚೆ ಮಾಡಿ, ತೆರೆಯನ್ನು ಓರೆಯಾಗಿ ಹಿಡಿಯುತ್ತೇನೆ. ಹಿಂದಿನಿಂದ ತೆರೆ ಬರುವಾಗ ಟ್ಯಾಬ್ ಪೂರ್ತಿ ಮೇಲೆ. ಇದರಲ್ಲಿ ಚೌಕಾಶಿ ಇಲ್ಲ. ತಗ್ಗಿದ ಮೂತಿ ಮುಂದಿನ ತೆರೆಗೆ ಚುಚ್ಚಿಕೊಂಡರೆ ಬೋಟ್ ಅಡ್ಡ ತಿರುಗುತ್ತದೆ.

ಸ್ಪೀಡ್ ಏರಿದಂತೆ ಟನಲ್‌ನ ಗಾಳಿಯೇ ಭಾರ ಹೊರಲು ಶುರುಮಾಡುತ್ತದೆ. ಆಗ ಟ್ಯಾಬ್ ಬರೀ ಎಳೆತ, ಉಳಿದದ್ದು ಎಂಜಿನ್ ಟ್ರಿಮ್‌ನ ಕೆಲಸ. ಬೋಟ್ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಮಾತ್ರ ಎರಡನ್ನೂ ಕೂದಲೆಳೆಯಷ್ಟು ಇಳಿಸುತ್ತೇನೆ. ರೇಸಿನ ಕ್ಯಾಟ್‌ಗಳದು ಬೇರೆ ಕಥೆ. ಗಂಟೆಗೆ 200 ಕಿ.ಮೀ. ದಾಟುವ ಕ್ಲಾಸ್ ಒನ್ ಬೋಟಿನಲ್ಲಿ ಒಬ್ಬ ಸ್ಟಿಯರಿಂಗ್ ಹಿಡಿದರೆ ಇನ್ನೊಬ್ಬ ಥ್ರಾಟಲ್, ಟ್ರಿಮ್ ನೋಡುತ್ತಾನೆ. ಅಲ್ಲಿ ಮೂತಿಯ ಕೆಳಗೆ ಗಾಳಿ ಜಾಸ್ತಿ ನುಗ್ಗಿದರೆ ಬೋಟ್ ಹಿಂದಕ್ಕೆ ಮಗುಚಿಬೀಳುತ್ತದೆ. ನಮ್ಮಂಥವರಿಗೆ ಆ ತಲೆಬಿಸಿ ಇಲ್ಲ, ಪುಣ್ಯ.

ಟ್ಯಾಬ್‌ನಿಂದ ಲಾಭ ಆಯಿತಾ ಎಂದು ತಿಳಿಯಲು ಕಣ್ಣಂದಾಜು ಸಾಲದು. ಒಂದೇ ಆರ್‌ಪಿಎಂ ಹಿಡಿದು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಜಿಪಿಎಸ್ ಸ್ಪೀಡ್ ಬರೆದು ಸರಾಸರಿ ತೆಗೆಯುತ್ತೇನೆ. ಇಲ್ಲದಿದ್ದರೆ ನೀರಿನ ಸೆಳೆತ ಲೆಕ್ಕ ಕೆಡಿಸುತ್ತದೆ. ಇಂಧನ ಮೀಟರ್ ತೋರಿಸುವ ಗಂಟೆಯ ಲೀಟರನ್ನು ಆ ನಾಟ್‌ನಿಂದ ಭಾಗಿಸಿದರೆ ಒಂದು ಮೈಲಿಗೆ ಎಷ್ಟು ಸುಟ್ಟಿತು ಗೊತ್ತಾಗುತ್ತದೆ. ಅದು ನಾಟಿಕಲ್ ಮೈಲಿ, 1.852 ಕಿ.ಮೀ. ಒಂದು ಸಲಕ್ಕೆ ಒಂದೇ ಬದಲಾವಣೆ. ಟ್ಯಾಬ್, ಎಂಜಿನ್ ಟ್ರಿಮ್ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತು ಎಂದು ಹೇಳುವವರು ಯಾರು?

ಇಲ್ಲಿನ ನೀರು ತುಂಬಾ ಉಪ್ಪು, ಮೇಲಾಗಿ ಬಿಸಿ. ತಗಡಿನ ಮೇಲೆ ಬಾರ್ನಕಲ್ (ಅಂಟಿಕೊಂಡು ಬೆಳೆಯುವ ಚಿಪ್ಪುಜೀವಿ) ಬೇಗ ಹತ್ತುತ್ತದೆ. ಹಾಗಾಗಿ ಎಂಜಿನ್ ಆಫ್ ಆದ ಮೇಲೆ ಟ್ಯಾಬ್ ಪೂರ್ತಿ ಮೇಲಿರಬೇಕು. ರಾಡ್ ಹೊರಗೆ ಉಳಿದರೆ ಅದಕ್ಕೂ ಹತ್ತಿ, ಮತ್ತೆ ಒಳಗೆಳೆಯುವಾಗ ಸೀಲ್ ಹರಿಯುತ್ತದೆ. ಜಿಂಕ್ ಆನೋಡ್ (ತಗಡು ಸವೆಯದಂತೆ ತಾನು ಕರಗುವ ಸತುವಿನ ತುಂಡು) ಅರ್ಧ ಕರಗುವ ಹೊತ್ತಿಗೆ ಬದಲಾಯಿಸುತ್ತೇನೆ. ರಿವರ್ಸ್ ಹಾಕುವ ಮೊದಲೂ ಟ್ಯಾಬ್ ಎತ್ತಲೇಬೇಕು. ಇಳಿದ ತಗಡಿಗೆ ಹಿಂದಿನಿಂದ ನೀರು ಒತ್ತಿದರೆ ಬಗ್ಗುವುದು ರಾಡ್, ಅದರ ಬಿಲ್ ನೋಡಿದ ಮಾಲೀಕರು ಎರಡನೇ ಸಲ ಮರೆಯುವುದಿಲ್ಲ.