ಕಟಕ್ ಅಂದದ್ದು ಎಲುಬಲ್ಲ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನ ಉಡುಪಿಯ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ಬೆಂಚು ಖಾಲಿ ಇರುವುದಿಲ್ಲ. ಹತ್ತು ತಿಂಗಳು ತಡೆದುಕೊಂಡ ಬೆನ್ನುನೋವನ್ನು ಮಲ್ಪೆಯ ಬೋಟಿನವರು ತೋರಿಸಲು ಬರುವುದೇ ಆಗ.

ಬೆನ್ನಿಗೆ ಕೈ ಇಟ್ಟು ಚಿಕಿತ್ಸೆ ಕೊಟ್ಟ ಮೇಲೆ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ. “ಕಟಕ್ ಅಂದಿತಲ್ಲ ಮೇಡಂ, ಎಲುಬು ಜಾಗಕ್ಕೆ ಕೂತಿತಾ?” ಮೊದಲ ಕೆಲವು ವರ್ಷ ನಾನೂ “ಹೌದು, ಕೂತಿತು” ಅಂತಲೇ ಹೇಳುತ್ತಿದ್ದೆ. ಹಾಗೇ ನಂಬಿದ್ದೆ ಕೂಡ.

ಆಗ ಬೀಡಿ ಕಟ್ಟುವ ಒಬ್ಬ ಅಕ್ಕ ಬರುತ್ತಿದ್ದರು. ದಿನವಿಡೀ ನೆಲದ ಮೇಲೆ ಬಗ್ಗಿ ಕೂರುವ ಕೆಲಸ. ಸೊಂಟದ ಕೀಲು ಒತ್ತಿ ಸಡಿಲ ಮಾಡಿದರೆ ಎದ್ದು ನಗುತ್ತಾ ಹೋಗುತ್ತಿದ್ದರು. ತಿಂಗಳು ತುಂಬುವಷ್ಟರಲ್ಲಿ ವಾಪಸ್. “ಪುನಃ ಜಾರಿತು ಮೇಡಂ.” ಮೂರು ವರ್ಷ ಹೀಗೇ ನಡೆಯಿತು. ಅಷ್ಟರಲ್ಲಿ ಅವರು ಬಾವಿಯಿಂದ ನೀರು ಸೇದುವುದು ಬಿಟ್ಟಿದ್ದರು, ಮೊಮ್ಮಗುವನ್ನು ಎತ್ತುವುದೂ ಬಿಟ್ಟಿದ್ದರು. ಎಲುಬು ಜಾರೀತು ಅನ್ನುವ ಹೆದರಿಕೆ. ಆ ‘ಜಾರಿತು’ ಅನ್ನುವ ಮಾತನ್ನು ಅವರ ತಲೆಗೆ ಹಾಕಿದವಳು ನಾನೇ. ಅದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ.

ಎಲುಬು ಎಲ್ಲಿಗೂ ಜಾರಿರಲಿಲ್ಲ. ಕಟಕ್ ಅನ್ನುವ ಸದ್ದು ಕೀಲಿನೊಳಗಿನ ದ್ರವದ್ದು. 2015ರಲ್ಲಿ ಕೆನಡಾದ ಸಂಶೋಧಕರು ಬೆರಳಿನ ನೆಟಿಕೆ ತೆಗೆಯುವ ಹೊತ್ತಿನಲ್ಲೇ ಎಂಆರ್‌ಐ ಮಾಡಿ ನೋಡಿದರು. ಸದ್ದು ಬರುವ ಕ್ಷಣಕ್ಕೆ ಕೀಲಿನೊಳಗೆ ಗುಳ್ಳೆಯಂಥ ಖಾಲಿ ಜಾಗ ಮೂಡಿತ್ತು. ಅಷ್ಟೇ.

ಹಾಗಾದರೆ ನೋವು ಇಳಿಯುವುದು ಹೇಗೆ? ಹೊಸ್ತಿಲಿಗೆ ಕಾಲು ತಾಗಿದರೆ ನಮಗೆ ಗೊತ್ತಿಲ್ಲದೆಯೇ ಆ ಜಾಗ ಉಜ್ಜುತ್ತೇವಲ್ವಾ? ಚರ್ಮ, ಮಾಂಸಖಂಡ, ಕೀಲುಗಳಿಂದ ಹೊರಟ ಮುಟ್ಟುವಿಕೆಯ ಸುದ್ದಿ ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ತಡೆಯುತ್ತದೆ. ನೋವಿನ ಬಗ್ಗೆ ಸಂಶೋಧನೆ ಮಾಡಿದ ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ಇದನ್ನು ಗೇಟಿಗೆ ಹೋಲಿಸಿ ಹೇಳಿದ್ದರು. ಮಿದುಳಿನಿಂದ ಕೆಳಗೂ ನೋವು ತಗ್ಗಿಸುವ ಸಂದೇಶ ಇಳಿದು ಬರುತ್ತದೆ. ಕಾವಲು ಕಾಯುತ್ತಾ ಬಿಗಿದು ನಿಂತ ಸ್ನಾಯುಗಳು ಆಗ ಸಡಿಲವಾಗುತ್ತವೆ. ಕುತ್ತಿಗೆಯ ಕೀಲನ್ನು ಮೆಲ್ಲಗೆ ಆಡಿಸಿದರೆ ಕೈಯ ಚರ್ಮದಲ್ಲಿ ಬೆವರು ಹೆಚ್ಚುವುದನ್ನು ಅಳೆದು ನೋಡಿದವರಿದ್ದಾರೆ. ಕುತ್ತಿಗೆ ಎಲ್ಲಿ, ಕೈ ಎಲ್ಲಿ! ನಾವು ಒತ್ತುವುದು ಒಂದು ಕಡೆ, ಉತ್ತರ ಕೊಡುವುದು ಇಡೀ ನರಮಂಡಲ.

ಕಳೆದ ಮಳೆಗಾಲದಲ್ಲಿ ಬಂದ ಒಬ್ಬರ ವಿಷಯ ಹೇಳಬೇಕು. ವಯಸ್ಸು ನಲವತ್ತರ ಆಸುಪಾಸು, ಬಲೆ ಎಳೆಯುವ ಕೆಲಸ, ಬಲಗಾಲಿಗೆ ಸೆಳೆತ. ಎಂಆರ್‌ಐ ಫಿಲ್ಮನ್ನು ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಅಂಗಿಯ ಒಳಗಿಟ್ಟು ತಂದಿದ್ದರು. ‘ಡಿಸ್ಕ್ ಬಲ್ಜ್’, ಅಂದರೆ ಬೆನ್ನೆಲುಬುಗಳ ನಡುವಿನ ಮೆತ್ತೆ ಉಬ್ಬಿದೆ, ಅನ್ನುವಲ್ಲಿ ಕೆಂಪು ಗೆರೆ. ಭಾರ ಎತ್ತಿದರೆ ಕಾಲೇ ಹೋಗುತ್ತದೆ ಅಂತ ಯಾರೋ ಹೇಳಿದ್ದರಂತೆ. ನೋವೇ ಇಲ್ಲದವರ ಸ್ಕ್ಯಾನ್‌ಗಳ ಬಗ್ಗೆ 2015ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ದೊಡ್ಡ ವರದಿ ಬಂತು. 40ರ ವಯಸ್ಸಿನವರಲ್ಲಿ ಅರ್ಧದಷ್ಟು ಜನರಿಗೆ ಬಲ್ಜ್ ಇತ್ತು. ಇದನ್ನೇ ಅವರಿಗೆ ಹೇಳಿದೆ. “ನೋವು ಸುಳ್ಳಲ್ಲ ಅಣ್ಣ. ಆದರೆ ಈ ಫಿಲ್ಮ್ ನೋಡಿ ಹೆದರಬೇಡಿ.”

ಮಂಚದ ಅಂಚಿಗೆ ಕೂರಿಸಿದೆ. ಬೆನ್ನು ಬಗ್ಗಿಸಿ, ಗಲ್ಲ ಎದೆಗೆ ತಾಗಿಸಿ, ಬಲ ಮೊಣಕಾಲು ನೆಟ್ಟಗೆ ಮಾಡಲು ಹೇಳಿದೆ. ಅರ್ಧಕ್ಕೇ ನಿಂತಿತು. “ಈಗ ತಲೆ ಮಾತ್ರ ಎತ್ತಿ.” ಕಾಲು ತಾನಾಗಿ ಇನ್ನಷ್ಟು ಮುಂದೆ ಹೋಯಿತು. ಅವರು ಕಾಲನ್ನೇ ನೋಡುತ್ತಾ, “ಎಂತ ಮೇಡಂ ಇದು, ತಲೆ ಎತ್ತಿದ್ರೆ ಕಾಲು ಸಡಿಲ ಆಗೋದಾ?” ಅಂದರು. ಮಿದುಳಿನಿಂದ ಕಾಲ್ಬೆರಳಿನ ತನಕ ನರದ ಹೆಣಿಗೆ ಒಂದೇ. ಇದನ್ನು ನೂರು ಸಲ ವಿವರಿಸುವುದಕ್ಕಿಂತ ಹೀಗೆ ಒಮ್ಮೆ ತೋರಿಸುವುದು ಮೇಲು.

ಆಮೇಲೆ ಹೊಟ್ಟೆಯ ಕೆಳಗೆ ದಿಂಬು ಇಟ್ಟು ಬೋರಲು ಮಲಗಿಸಿದೆ. ಸೊಂಟದ ಐದನೇ ಎಲುಬಿನ ಮೇಲೆ ಅಂಗೈಯ ಬುಡ ಇಟ್ಟು ನಿಧಾನ ಒತ್ತುವುದು, ಬಿಡುವುದು, ಒತ್ತುವುದು. ಮೊದಲ ಸುತ್ತಿನಲ್ಲಿ ಎರಡೂ ಬದಿಯ ಸ್ನಾಯು ಬೋಟಿನ ಹಗ್ಗದ ಹಾಗೆ ಬಿಗಿದಿತ್ತು, ಉಸಿರು ಎದೆಯ ಮೇಲ್ಭಾಗದಲ್ಲೇ ಓಡುತ್ತಿತ್ತು. ಎರಡನೇ ಸುತ್ತು ಮುಗಿಯುವ ಹೊತ್ತಿಗೆ ಒಂದು ಉದ್ದದ ಉಸಿರು ಬಿಟ್ಟರು. ನನ್ನ ಕೈಯ ಕೆಳಗೆ ಬೆನ್ನು ಮೆತ್ತಗಾಯಿತು. ಆ ಕ್ಷಣಕ್ಕಾಗಿಯೇ ನಾನು ಈ ಕೆಲಸ ಮಾಡುತ್ತೇನೆ. ಎದ್ದು ಕೂರಿಸಿ ಮತ್ತೆ ಪರೀಕ್ಷೆ ಮಾಡಿದರೆ, ಗಲ್ಲ ಎದೆಗೆ ತಾಗಿಸಿಕೊಂಡೇ ಮೊಣಕಾಲು ಮುಕ್ಕಾಲು ಪಾಲು ನೆಟ್ಟಗಾಯಿತು.

ಈ ಆರಾಮ ಜಾಸ್ತಿ ಹೊತ್ತು ಉಳಿಯುವುದಿಲ್ಲ. ಅದಕ್ಕೇ ಈಗ ಕೈ ಚಿಕಿತ್ಸೆ ಮುಗಿಸಿ ಸುಮ್ನೆ ಮನೆಗೆ ಕಳಿಸುವುದಿಲ್ಲ. ನೋವು ತಗ್ಗಿದ ಆ ಹೊತ್ತಿನಲ್ಲೇ ಬಗ್ಗಿಸುತ್ತೇನೆ, ನಡೆಸುತ್ತೇನೆ, ಭಾರ ಎತ್ತಿಸುತ್ತೇನೆ. ಬಲೆ ಎಳೆಯುವ ಆ ಅಣ್ಣನಿಗೆ ಮೊದಲ ದಿನ ಖಾಲಿ ಬುಟ್ಟಿ, ಆಮೇಲೆ 5 ಕಿಲೋ ಮರಳು. ಬಗ್ಗಿದರೂ ಏನೂ ಆಗಲಿಲ್ಲ ಅನ್ನುವುದನ್ನು ನರಮಂಡಲ ಸ್ವತಃ ಕಲಿಯಬೇಕು. ಅದನ್ನು ನನ್ನ ಕೈ ಕಲಿಸಲಾರದು.

ಎಲ್ಲ ಬೆನ್ನಿಗೂ ಕೈ ಹಾಕುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಮೂತ್ರ ಕಟ್ಟಿದರೆ, ಕೂರುವ ಜಾಗದಲ್ಲಿ ಜೋಮು ಹಿಡಿದರೆ, ಕಾಲಿನ ಬಲ ಕುಗ್ಗುತ್ತಾ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಉಳುಕು ತೆಗೆಸಲು ಯಾರ ಹತ್ತಿರವೂ ಹೋಗಬೇಡಿ, ನನ್ನ ಹತ್ತಿರವೂ ಬರಬೇಡಿ.

ಆಗಸ್ಟ್‌ನಲ್ಲಿ ಅವರು ಬೋಟಿಗೆ ಹೋದರು. ನವೆಂಬರ್‌ನಲ್ಲಿ ಒಂದು ಸಂಜೆ ಮಲ್ಪೆ ಬಂದರಿನಿಂದ ಫೋನ್ ಬಂತು, ಹಿಂದೆ ಎಂಜಿನ್ ಸದ್ದು. ಜಾರಿತು ಅನ್ನಲಿಲ್ಲ. “ಇವತ್ತು ಬೆನ್ನು ಸ್ವಲ್ಪ ಬಿಗಿದಿದೆ ಮೇಡಂ. ಬುಟ್ಟಿಯದ್ದು ಮಾಡ್ಲಾ, ನಡೆಯೋದು ಮಾಡ್ಲಾ?” ಅಂತ ಕೇಳಿದರು.